ಅಪ್‌ಡೇಟ್: ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎದುರು ಮನೆ ಅಜ್ಜಿ ಮಾತಾಡ್ಸಲ್ಲ ಅಂತ ಕೇಳಿದ್ದೆನಲ್ಲ

ಹೋದ ತಿಂಗಳು ಕೇಳಿದ್ದೆ, ಮಾಸ್ಟರ್ಸ್‌ಗೆ ಬಂದು ನಾಲ್ಕು ತಿಂಗಳಾಯ್ತು, ಎದುರು ಮನೆ ಅಜ್ಜಿ ನಾವು ಮಾತಾಡ್ಸಿದ್ರೂ ಮುಖ ತಿರುಗಿಸ್ಕೊಂಡು ಹೋಗ್ತಾರೆ, ಇಂಡಿಯನ್ಸ್ ಅಂತಾನಾ ಅಂತ. ಉತ್ತರ ಕೊಟ್ಟ ಎಲ್ರಿಗೂ ಥ್ಯಾಂಕ್ಸ್, ಅದ್ರಲ್ಲೂ "ಬಾಗಿಲಿಗೆ ಏನಾದ್ರೂ ಬೋರ್ಡ್ ನೇತಾಕಿದ್ರಾ ನೋಡಿ" ಅಂದ ಅಕ್ಕಂಗೆ.

ಹೌದು ಅಕ್ಕ, ನೇತಾಕಿದ್ರು! ಚಿಕ್ಕ ಮರದ ಹಲಗೆ, ಮೇಲೆ "ಕೇರ್‌ವೋಖೆ" ಅಂತ. ನಾವು ಮೂರೂ ಜನ ಯಾವ್ದೋ ಜಾಹೀರಾತು ಅಂದ್ಕೊಂಡು ಪಕ್ಕಕ್ಕಿಟ್ಟಿದ್ವಿ. ಕೇರ್‌ವೋಖೆ ಅಂದ್ರೆ ಗುಡಿಸೋ ವಾರ. ಹಲಗೆ ಯಾರ ಬಾಗಿಲಲ್ಲಿದ್ಯೋ ಅವ್ರು ಆ ವಾರ ಬಿಲ್ಡಿಂಗಲ್ಲಿ ಎಲ್ರೂ ಬಳಸೋ ಮೆಟ್ಟಿಲು ಗುಡಿಸಿ ಒರೆಸಿ ಆಮೇಲೆ ಮುಂದಿನ ಮನೆಗೆ ದಾಟಿಸ್ಬೇಕು. ಈ ಊರಲ್ಲಿ 1714ರಲ್ಲೇ ಡ್ಯೂಕ್ ಬೀದಿ ಗುಡಿಸೋಕೆ ಆದೇಶ ಹೊರಡಿಸಿದ್ನಂತೆ, ಅಷ್ಟು ಹಳೇ ಪದ್ಧತಿ. ನಮ್ಮ ಬಾಡಿಗೆ ಅಗ್ರಿಮೆಂಟ್‌ನಲ್ಲೂ ಬರೆದಿತ್ತು, ಜರ್ಮನ್‌ನಲ್ಲಿದೆ ಅಂತ ಓದದೆ ಸೈನ್ ಹಾಕಿದ್ವಿ. ನಮ್ಮ ಪಾಳಿ ಬಂದಾಗೆಲ್ಲ ಮಂಡಿ ನೋವಿರೋ ಆ ಅಜ್ಜಿನೇ ಗುಡಿಸಿದ್ದಾರೆ, ಗೊತ್ತಾದಾಗ ತುಂಬಾ ಬೇಜಾರಾಯ್ತು.

ಶನಿವಾರ ಬಕೆಟ್ ಹಿಡ್ಕೊಂಡು ಇಳಿದೆ. ಅಜ್ಜಿ ಬಾಗಿಲು ತೆಗೆದು ನೋಡಿದ್ರು, ಏನೂ ಅನ್ಲಿಲ್ಲ, ಬಕೆಟ್‌ನಲ್ಲಿದ್ದ ಕಪ್ಪು ನೀರು ಚೆಲ್ಲಿ ಬಿಸಿನೀರು ತುಂಬ್ಕೊಂಡು ಬಂದು ಮೆಟ್ಟಿಲ ಮೂಲೆ ಹೇಗೆ ಒರೆಸ್ಬೇಕು ಅಂತ ತೋರಿಸ್ಕೊಟ್ರು. ನಾನು ಮೊಬೈಲಲ್ಲಿ ನಮ್ಮಮ್ಮ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋ ವಿಡಿಯೋ ತೋರಿಸ್ದೆ, ಎರಡು ಸಲ ನೋಡಿದ್ರು. ಈಗ ಅವ್ರೇ ಮೊದ್ಲು "ಗ್ರ್ಯೂಸ್ ಗೊಟ್" (ಇಲ್ಲಿನ ನಮಸ್ಕಾರ) ಅಂತಾರೆ. ಮುಂದಿನ ವಾರ ಅವ್ರ ಪಾಳಿ, ನಾನೇ ಮಾಡ್ತೀನಿ ಅಂತ ಹೇಳಿದೀನಿ, ಒಪ್ತಿಲ್ಲ.