‘ಧ್ವನಿವರ್ಧಕ’ ಎಂದರೆ ಸ್ಪೀಕರೋ, ಆಂಪ್ಲಿಫೈಯರೋ?

ಪ್ರಶ್ನೆ: ಹಳೆಯ ಸ್ಪೀಕರ್ ಪೆಟ್ಟಿಗೆಯೊಳಗೆ ಬ್ಲೂಟೂತ್ ಇರುವ ಆಂಪ್ಲಿಫೈಯರ್ ಬೋರ್ಡ್ ಕೂರಿಸಿ, ಮೇಲೆ ಫೋನಿಗೆ ಡಾಕ್ (ನಿಲ್ಲಿಸಿ ಚಾರ್ಜ್ ಮಾಡುವ ಜಾಗ) ಮಾಡುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಧ್ವನಿವರ್ಧಕಕ್ಕೆ 12 ವೋಲ್ಟ್ ಕೊಡಿ’ ಎನ್ನಬಹುದೇ? ‘ಕೋನ್’ (ಸ್ಪೀಕರಿನಲ್ಲಿ ಅಲುಗಿ ಸದ್ದು ಮಾಡುವ ಶಂಕುವಿನಾಕಾರದ ಹಾಳೆ), ‘ಡಾಕ್’ ಪದಗಳಿಗೆ ಏನು ಬಳಸಲಿ?

ಉತ್ತರ: ಆ ವಾಕ್ಯವನ್ನು ದಯವಿಟ್ಟು ಹಾಗೆಯೇ ಬಿಡಬೇಡಿ, ಅದನ್ನು ನಂಬಿದವರ ಸ್ಪೀಕರ್ ಸುಟ್ಟುಹೋಗುತ್ತದೆ. ‘ವರ್ಧಕ’ ಅಂದರೆ ಹೆಚ್ಚಿಸುವಂಥದ್ದು. ಹೆಚ್ಚಿಸುವ ಕೆಲಸ ಆಂಪ್ಲಿಫೈಯರಿನದು. ಸ್ಪೀಕರ್ ಏನನ್ನೂ ಹೆಚ್ಚಿಸುವುದಿಲ್ಲ, ಬಂದ ವಿದ್ಯುತ್ತನ್ನು ಸದ್ದಾಗಿಸುತ್ತದೆ, ಅಷ್ಟೆ. ಆದರೂ ನಮ್ಮಲ್ಲಿ ‘ಧ್ವನಿವರ್ಧಕ’ ಎಂದ ಕೂಡಲೇ ಕಣ್ಣಿಗೆ ಬರುವುದು ಸ್ಪೀಕರೇ. ‘ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ’ ಎನ್ನುವಾಗ ಇಡೀ ಮೈಕ್ ಸೆಟ್ಟಿಗೆ ಅದೊಂದೇ ಪದ ಸಾಕು. ವೈರು ಜೋಡಿಸುವವರಿಗೆ ಸಾಲದು.

ಏಕೆಂದು ನೋಡಿ. 8 ಓಮ್ ಸ್ಪೀಕರಿನ ಸುರುಳಿಯನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಸುಮಾರು 6.5 ಓಮ್ ತೋರಿಸುತ್ತದೆ. ಅದಕ್ಕೆ ಅಡಾಪ್ಟರಿನ 12 ವೋಲ್ಟ್ ನೇರವಾಗಿ ಕೊಟ್ಟರೆ 1.8 ಆಂಪಿಯರ್ ಹರಿದು, 22 ವಾಟ್ ಪೂರ್ತಿ ಶಾಖವಾಗುತ್ತದೆ. ಕೋನ್ ಒಂದು ಕಡೆಗೆ ತಳ್ಳಿಸಿಕೊಂಡು ಅಲ್ಲೇ ನಿಲ್ಲುತ್ತದೆ, ಸುರುಳಿಯ ಅಂಟು ಕರಗಿ ವಾಸನೆ ಬರುತ್ತದೆ. ಹಾಗಾಗಿ ‘ಆಂಪ್ಲಿಫೈಯರ್ ಬೋರ್ಡಿಗೆ 12 ವೋಲ್ಟ್ ಕೊಡಿ, ಅದರಿಂದ ಹೊರಡುವ ಎರಡು ವೈರುಗಳನ್ನು ಸ್ಪೀಕರಿಗೆ ಸೇರಿಸಿ’ ಎಂದೇ ಬರೆಯಿರಿ. ಟಿಪಿಎ3118 ಎಂಬ ಆಂಪ್ಲಿಫೈಯರ್ ಚಿಪ್ ಇರುವ ಬೋರ್ಡಾದರೆ, ಆ ಎರಡರಲ್ಲಿ ಯಾವುದನ್ನೂ ‘ಗ್ರೌಂಡ್’ಗೆ (ಬೋರ್ಡಿನ ಸೊನ್ನೆ ವೋಲ್ಟಿನ ತುದಿಗೆ) ಮುಟ್ಟಿಸಬಾರದು ಎಂಬ ಮಾತನ್ನೂ ಸೇರಿಸಿ. ಅಲ್ಲಿ ಎರಡೂ ತುದಿಗಳಲ್ಲಿ ಸಿಗ್ನಲ್ ಇರುತ್ತದೆ. ‘ಮೈನಸ್ ವೈರು’ ಎಂಬ ರೂಢಿಯ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ.

‘ಕೋನ್’ ಹಾಗೆಯೇ ಇರಲಿ, ರಿಪೇರಿ ಮಾಡುವವರ ಬಾಯಲ್ಲಿರುವುದು ಅದೇ. ‘ಶಂಕು’ ಎಂದರೆ ಗಣಿತದ ಪಾಠ ನೆನಪಾಗುತ್ತದೆ. ಆದರೆ ವಿಭಕ್ತಿಯಲ್ಲಿ ಎಚ್ಚರ ಬೇಕು: ‘ಕೋನಿನ ಅಂಚು’ ಸರಿ, ‘ಕೋನದ ಅಂಚು’ ಎಂದರೆ ಆಂಗಲ್ ಆಗಿಬಿಡುತ್ತದೆ. ಈ ಅಂಚು ಹಳೆಯ ಪೆಟ್ಟಿಗೆಗಳಲ್ಲಿ ಬಹಳ ಮುಖ್ಯ. ಅದು ಫೋಮಿನದಾಗಿದ್ದರೆ ಬೆರಳು ತಾಗಿದರೇ ಪುಡಿಯಾಗುತ್ತದೆ, ಹೊಸ ಅಂಚು ಅಂಟಿಸದೆ ಬೋರ್ಡ್ ಕೊಂಡು ಪ್ರಯೋಜನವಿಲ್ಲ.

‘ಡಾಕ್’ಗೆ ನನ್ನ ಆಯ್ಕೆ ‘ಗೂಡು’. ಗೋಡೆಯ ದೀಪದ ಗೂಡಿನಂತೆ, ಒಂದು ವಸ್ತುವಿಗೆಂದೇ ಕೊರೆದ ಜಾಗ ಅದು. ‘ಕಟ್ಟೆ’ ಅಂದರೆ ಮೇಲೆ ಕೂರುವುದಷ್ಟೇ ಹೊಳೆಯುತ್ತದೆ. ‘ಸ್ಟ್ಯಾಂಡ್’ ಆದರೆ ಚಾರ್ಜಿಂಗ್ ಇದೆಯೆಂದು ತಿಳಿಯುವುದಿಲ್ಲ. ‘ಮೇಲಿನ ಹಲಗೆಯಲ್ಲಿ 14 ಮಿ.ಮೀ. ಅಗಲ, 12 ಮಿ.ಮೀ. ಆಳದ ಗೂಡು ಕೊರೆಯಿರಿ’ ಎಂದರೆ ಬಡಗಿಗೂ ಅರ್ಥವಾದೀತು. ಕವರ್ ಹಾಕಿದ ಫೋನಿನ ದಪ್ಪಕ್ಕಿಂತ 2 ಮಿ.ಮೀ. ಹೆಚ್ಚಿರಲಿ. ಚಾರ್ಜಿಂಗ್ ವೈರು ಇಳಿಯುವ ತೂತನ್ನು ಸಿಲಿಕೋನಿನಿಂದ ಮುಚ್ಚಲು ಹೇಳಿ. ಮುಚ್ಚಿದ ಪೆಟ್ಟಿಗೆಯಲ್ಲಿ ಅಲ್ಲಿಂದ ಗಾಳಿ ಸೋರಿದರೆ ಬೇಸ್ (ತಗ್ಗಿನ ಸ್ವರ) ಕುಂದುತ್ತದೆ, ಜೋರಾಗಿ ಹಾಕಿದಾಗ ‘ಪುಸ್ ಪುಸ್’ ಎಂಬ ಸದ್ದೂ ಬರುತ್ತದೆ.