ಸಹಾಯ ಬೇಕು: ಹಿತ್ತಿಲಿನಲ್ಲಿ ಈಶ್ವರಿ ಬಳ್ಳಿ ಮತ್ತು ಚಿಕ್ಕ ಮಕ್ಕಳು

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಸಮೀಪದ ತೋಟದ ಮನೆಯಲ್ಲಿರುವ ನಮ್ಮ ಇಬ್ಬರು ಚಿಕ್ಕ ಮಕ್ಕಳು, ತುಲಾ ಸಂಕ್ರಮಣ ಕಳೆದು ಮಳೆ ಕಡಿಮೆಯಾಗಿರುವ ಈ ಶರದೃತುವಿನಲ್ಲಿ, ಇಬ್ಬನಿ ಹಿಡಿದ ಜೇಡರ ಬಲೆಗಳನ್ನೂ ಹಸಿರು ಕಾಫಿ ಕಾಯಿಗಳ ನಡುವೆ ಮೊದಲು ಕೆಂಪಾದ ಹಣ್ಣನ್ನೂ ಹುಡುಕುತ್ತಾ ಹಿತ್ತಿಲು ಬಿಟ್ಟು ಒಳಗೆ ಬರುವುದೇ ಇಲ್ಲ. ನಮ್ಮ ರಾಜ್ಯ ಚಿಟ್ಟೆಯಾದ, ಕಪ್ಪು ಹಳದಿ ರೆಕ್ಕೆಗಳ ಸದರ್ನ್ ಬರ್ಡ್‌ವಿಂಗ್ ಈಶ್ವರಿ ಬಳ್ಳಿಯ ಮೇಲೆ ಮೊಟ್ಟೆಯಿಡುವುದರಿಂದ, ಅದನ್ನು ಬೇಲಿಗೆ ಹಬ್ಬಿಸಿ ಹುಳು ಚಿಟ್ಟೆಯಾಗುವುದನ್ನು ಮಕ್ಕಳಿಗೆ ತೋರಿಸುವ ಆಸೆಯಿದೆ. ಆದರೆ ಆ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಕ್ಕೆ ವಿಷ, ಕಿರಿಯವನೋ ಕಂಡ ಎಲೆಯನ್ನೆಲ್ಲ ಬಾಯಿಗಿಡುವವನು. ಮಕ್ಕಳಿರುವ ಮನೆಯಲ್ಲಿ ಇದನ್ನು ಬೆಳೆಸಿದವರು ಎಲ್ಲಿ, ಎಷ್ಟು ಎತ್ತರದಲ್ಲಿ ಹಬ್ಬಿಸಿದಿರಿ, ಕೊಡಗಿನಲ್ಲಿ ಸಸಿ ಎಲ್ಲಿ ಸಿಗುತ್ತದೆ ಎಂದು ದಯವಿಟ್ಟು ತಿಳಿಸಿ. ಸದ್ಯಕ್ಕೆ ನಿಂಬೆ ಗಿಡದ ಮೇಲಿನ ಚಿಟ್ಟೆ ಹುಳುಗಳೇ ಸಾಕು ಎನ್ನುವವರ ಮಾತನ್ನೂ ಕೇಳಲು ಸಿದ್ಧನಿದ್ದೇನೆ.