ಕ್ರಿಯಾಟಿನಿನ್ ಚೆನ್ನಾಗಿದೆ, ಡೋಸ್ ತಪ್ಪಿಲ್ಲ, ಆದರೂ ಜ್ವರ ಇಳಿಯುತ್ತಿಲ್ಲ

ರಾತ್ರಿಪಾಳಿ_ಕೊಡಗು:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ವೆಂಟಿಲೇಟರ್ ಪೇಷೆಂಟ್, ನ್ಯುಮೋನಿಯಾ. ಕಲ್ಚರ್‌ನಲ್ಲಿ ಬೆಳೆದ ರೋಗಾಣು ಮೆರೋಪೆನಂ ಆಂಟಿಬಯೋಟಿಕ್‌ಗೆ ಸೆನ್ಸಿಟಿವ್, ಅಂದರೆ ಅದಕ್ಕೆ ಬಗ್ಗಬೇಕು. 1 ಗ್ರಾಂ, 8 ಗಂಟೆಗೊಮ್ಮೆ ಕೊಡುತ್ತಿದ್ದೇವೆ. ಜ್ವರ 102ರಿಂದ ಕದಲುತ್ತಿಲ್ಲ. ಕಿಡ್ನಿ ನಾರ್ಮಲ್. ಎಲ್ಲಿ ತಪ್ಪುತ್ತಿದೆ?

ತೋಟದಮನೆ:
ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಬದಲಾಯಿಸಿ ಸಿಸ್ಟರ್. ನನಗೆ ಅನುಮಾನ ಅದರ ಮೇಲೇ.

ರಾತ್ರಿಪಾಳಿ_ಕೊಡಗು:
ಮೊನ್ನೆಯೇ ಬದಲಾಯಿಸಿದೆವು ಸರ್. ಹಳೇ ಲೈನಿನ ತುದಿಯಲ್ಲಿ ಯಾವ ರೋಗಾಣುವೂ ಬೆಳೆದಿಲ್ಲ.

ತೋಟದಮನೆ:
ಇರಲಿ, ಇನ್ನೊಮ್ಮೆ ಬದಲಾಯಿಸಿ.

ಮಾತ್ರೆಡಬ್ಬಿ_ಕುಶಾಲನಗರ:
ಕಿಡ್ನಿ ನಾರ್ಮಲ್ ಅಂದರೆ ಎಷ್ಟು? ವಯಸ್ಸು? ಮೂತ್ರ?

ರಾತ್ರಿಪಾಳಿ_ಕೊಡಗು:
ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಗೆ ಹಾಕುವ ಕಸ) 0.5. ವಯಸ್ಸು 24. ಮೆಣಸು ಕೊಯ್ಯುವಾಗ ಸಿಲ್ವರ್ ಓಕ್‌ನಿಂದ ಏಣಿ ಸಮೇತ ಬಿದ್ದ ಹುಡುಗ, ತಲೆಗೆ ಪೆಟ್ಟು. ಮೂತ್ರ ಗಂಟೆಗೆ 200 ಎಂಎಲ್, ನೀರಿನ ಹಾಗೆ ತಿಳಿ. ಬ್ಯಾಗ್ ಖಾಲಿ ಮಾಡಿ ಸಾಕಾಯಿತು. ಫಿಟ್ಸ್ ತಡೆಯಲು ಲೆವೆಟಿರಾಸೆಟಂ ಕೊಡುತ್ತಿದ್ದರೂ ನಿನ್ನೆ ಫಿಟ್ಸ್ ಬಂತು.

ತೋಟದಮನೆ:
ಹಾಗಾದರೆ ಡಯಾಬಿಟಿಸ್ ಇನ್ಸಿಪಿಡಸ್! ಕಿಡ್ನಿ ನೀರು ಹಿಡಿದಿಡದ ಕಾಯಿಲೆ.

ರಾತ್ರಿಪಾಳಿ_ಕೊಡಗು:
ಅದಾದರೆ ಸಾಮಾನ್ಯವಾಗಿ ಸೋಡಿಯಂ ಏರಬೇಕಿತ್ತು. 138 ಸರ್, ಒಂದೇ ಸಮ ಇದೆ.

ಮಾತ್ರೆಡಬ್ಬಿ_ಕುಶಾಲನಗರ:
ಇದನ್ನು ಮೊದಲೇ ಹೇಳಬೇಕಿತ್ತು ಸಿಸ್ಟರ್. ಆಗ್ಮೆಂಟೆಡ್ ರೀನಲ್ ಕ್ಲಿಯರೆನ್ಸ್ ಇದೆಯಾ ನೋಡಿ, ಅಂದರೆ ಕಿಡ್ನಿ ಮಾಮೂಲಿಗಿಂತ ವೇಗವಾಗಿ ರಕ್ತ ಸೋಸುವುದು. ಎಳೆ ವಯಸ್ಸು, ತಲೆಪೆಟ್ಟು, ಕಡಿಮೆ ಕ್ರಿಯಾಟಿನಿನ್, ಎಲ್ಲಾ ಹೊಂದುತ್ತದೆ. ಕ್ಲಿಯರೆನ್ಸ್ (ಸೋಸುವ ವೇಗ) ನಿಮಿಷಕ್ಕೆ 130 ಎಂಎಲ್ ದಾಟಿದರೆ ಆ ಹೆಸರು. ಕಿಡ್ನಿ ಔಷಧವನ್ನು ಬೇಗ ಬೇಗ ಹೊರಗೆ ಹಾಕುತ್ತದೆ. ಮೆರೋಪೆನಂ ಮಟ್ಟ ಮುಂದಿನ ಡೋಸ್‌ಗೆ ಮೊದಲೇ ಕುಸಿಯುತ್ತದೆ. ಲೆವೆಟಿರಾಸೆಟಂ ಹೋಗುವುದೂ ಮೂತ್ರದಲ್ಲೇ ಅಲ್ವಾ? ಲ್ಯಾಬ್ ಕೊಡುವ ಇಜಿಎಫ್‌ಆರ್ (ರಕ್ತದ ಕ್ರಿಯಾಟಿನಿನ್‌ನಿಂದ ಅಂದಾಜು ಮಾಡಿದ ಸೋಸುವ ವೇಗ) ಇಂಥವರಲ್ಲಿ ಕಡಿಮೆ ತೋರಿಸುತ್ತದೆ, ನಂಬಬೇಡಿ. 8 ಗಂಟೆ ಮೂತ್ರ ಹಿಡಿದು ಲೆಕ್ಕ ಹಾಕಿ.

ಬೆಟ್ಟದಗಾಳಿ:
ಮಟ್ಟ ಕುಸಿಯದ ಹಾಗೆ ಮೆರೋಪೆನಂ 24 ಗಂಟೆ ಬಿಡದೆ ಓಡಿಸಿ. ನಮ್ಮಲ್ಲಿ ಬೆಡ್‌ಗೆ ಮೂರು ಸಿರಿಂಜ್ ಪಂಪ್, ಮಳೆಗಾಲದಲ್ಲಿ ಕರೆಂಟ್ ಹೋದರೂ ನಿಲ್ಲುವುದಿಲ್ಲ.

ಮಾತ್ರೆಡಬ್ಬಿ_ಕುಶಾಲನಗರ:
ಒಂದೇ ಸಿರಿಂಜಿನಲ್ಲಿ ದಿನವಿಡೀ ಇಟ್ಟರೆ ಮೆರೋಪೆನಂ ಕೆಡುತ್ತದೆ. ಡೋಸ್ ಒಂದಕ್ಕೆ 3 ಗಂಟೆ ಸಾಕು.

ಬೆಟ್ಟದಗಾಳಿ:
ನಾವು ಸಿರಿಂಜ್ ಆಗಾಗ ಬದಲಾಯಿಸುತ್ತೇವೆ. ಹೊಸ ಪಂಪ್‌ಗಳಲ್ಲಿ ಅದೇನೂ ಕಷ್ಟ ಅಲ್ಲ.

ರಾತ್ರಿಪಾಳಿ_ಕೊಡಗು:
ನಮಗಿರುವುದು ಎರಡೇ ಪಂಪ್. ಲೆಕ್ಕ ಬಂತು: 480 ನಿಮಿಷಕ್ಕೆ ಮೂತ್ರ 1600 ಎಂಎಲ್, ಮೂತ್ರದ ಕ್ರಿಯಾಟಿನಿನ್ 30, ರಕ್ತದ್ದು 0.5. ಕ್ಲಿಯರೆನ್ಸ್ 200! ರಾತ್ರಿಯೇ ಡಾಕ್ಟರ್‌ಗೆ ತೋರಿಸಿದೆ. ಮೆರೋಪೆನಂ 2 ಗ್ರಾಂ ಮಾಡಿದರು, 3 ಗಂಟೆ ಓಡುತ್ತದೆ. ಲೆವೆಟಿರಾಸೆಟಂ ಕೂಡ ಏರಿಸಿದರು. ಬೆಳಿಗ್ಗೆ ಜ್ವರ 100.8. ಹುಡುಗನ ಅಮ್ಮ ಬಾಗಿಲ ಗಾಜಿನಿಂದ ಮಾನಿಟರ್ ನೋಡುತ್ತಾ ನಿಂತಿದ್ದಾರೆ. ಇನ್ನು ಇದೇ ಡೋಸ್ ಮುಂದುವರಿಸಬಹುದಾ?

ಮಾತ್ರೆಡಬ್ಬಿ_ಕುಶಾಲನಗರ:
ಸುಮ್ನೆ ಮುಂದುವರಿಸಬೇಡಿ. ದಿನಾ ಮೂತ್ರ ಹಿಡಿದು ನೋಡಿ. ಕಿಡ್ನಿ ಮಾಮೂಲಿಗೆ ಬಂದ ದಿನ ಇದೇ 2 ಗ್ರಾಂ ಜಾಸ್ತಿಯಾಗಿ ಮತ್ತೆ ಫಿಟ್ಸ್ ಬರಿಸಬಹುದು. ನಾಳೆಯ ಲೆಕ್ಕವನ್ನೂ ಇಲ್ಲೇ ಹಾಕಿ.